ನೀರು ಬೀದಿಗೆ ಬಂದಾಗ ವರದಿ ಕಪಾಟಿನಲ್ಲಿ ಯಾಕಿರುತ್ತದೆ?

ಪ್ರಶ್ನೆ: ನದಿ ದಂಡೆಯ ಊರುಗಳಲ್ಲಿ ಒಂದು ವರ್ಷ ನೆರೆ, ಇನ್ನೊಂದು ವರ್ಷ ಬರ. ಎರಡರ ಬಗ್ಗೆಯೂ ಸಂಶೋಧಕರು ಅಧ್ಯಯನ ಮಾಡುತ್ತಲೇ ಇರುತ್ತಾರೆ. ವರದಿ, ನಕ್ಷೆ ಎಲ್ಲ ಬರುತ್ತವೆ. ಆದರೂ ಸ್ಥಳೀಯ ಆಡಳಿತ ಪ್ರತಿ ಸಲ ಹೊಸದಾಗಿ ಪರದಾಡುತ್ತದೆ. ವಿಜ್ಞಾನಿಗಳು ಮತ್ತು ನಗರಸಭೆಯಂಥ ಸಂಸ್ಥೆಗಳು ನಿಜವಾಗಿ ಜೊತೆಯಾಗಿ ಕೆಲಸ ಮಾಡಿದ್ದು ಎಲ್ಲಾದರೂ ಇದೆಯೇ? ಮೊದಲು ಯಾರು ಯಾರ ಬಾಗಿಲು ತಟ್ಟಬೇಕು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬಾಗಿಲು ತಟ್ಟಬೇಕಾದ್ದು ಆಡಳಿತ. ಆದರೆ ಬರಿಗೈಯಲ್ಲಿ ಹೋಗಿ “ನಮ್ಮ ನದಿಯ ಬಗ್ಗೆ ಒಂದು ಅಧ್ಯಯನ ಮಾಡಿಕೊಡಿ” ಎಂದು ಕೇಳಬಾರದು. ಹಾಗೆ ಕೇಳಿದರೆ ಅಧ್ಯಯನ ಸಿಗುತ್ತದೆ, ಅಷ್ಟೇ ಸಿಗುತ್ತದೆ. ಹೋಗುವಾಗ ಕೈಯಲ್ಲಿ ಒಂದು ನಿರ್ಧಾರ ಇರಬೇಕು. ಪ್ರತಿ ಮಳೆಗಾಲದಲ್ಲೋ ಬೇಸಿಗೆಯಲ್ಲೋ ಯಾರೋ ಒಬ್ಬ ಅಧಿಕಾರಿ ತಲೆ ಕೆರೆದುಕೊಂಡು ತೆಗೆದುಕೊಳ್ಳುವ ನಿರ್ಧಾರ. ಸೇತುವೆ ಯಾವಾಗ ಮುಚ್ಚಬೇಕು? ಗೇಟು ಯಾವಾಗ ಎತ್ತಬೇಕು? ದಿನಾ ಬಿಡುವ ನೀರನ್ನು ಎರಡು ದಿನಕ್ಕೊಮ್ಮೆ ಮಾಡುವುದು ಯಾವ ತಿಂಗಳಿಂದ?

ಇದು ನಾನು ಮುಖಭಂಗ ಮಾಡಿಸಿಕೊಂಡು ಕಲಿತದ್ದು. ಹಲವು ವರ್ಷಗಳ ಹಿಂದೆ ಒಂದು ಪಟ್ಟಣಕ್ಕೆ ನೆರೆ ಅಧ್ಯಯನ ಮಾಡಿಕೊಟ್ಟಿದ್ದೆವು. ದಪ್ಪ ವರದಿ, ಬಣ್ಣಬಣ್ಣದ ನಕ್ಷೆ. ನಮಗೋ ಭಾರೀ ಹೆಮ್ಮೆ. ಅಲ್ಲಿನ ಎಂಜಿನಿಯರ್ ಒಬ್ಬರು ಪುಟ ತಿರುವಿ ತಿರುವಿ ಕೊನೆಗೆ ಕೇಳಿದರು: “ಸರ್, ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಇದರಲ್ಲಿ ಯಾವ ಪುಟ ತೆಗೆಯಲಿ?” ಅಂಥ ಪುಟವೇ ಅದರಲ್ಲಿ ಇರಲಿಲ್ಲ. ನೂರು ವರ್ಷಕ್ಕೊಮ್ಮೆಯ ನೆರೆ ಎಷ್ಟು ದೂರ ಹರಡುತ್ತದೆ ಎಂದು ಬರೆದಿದ್ದೆವು. ಮೇಲಿನ ಸೇತುವೆಯ ಹತ್ತಿರ ನೀರು ಇಷ್ಟು ಏರಿದರೆ ಕೆಳಗಿನ ಬಡಾವಣೆಗೆ ಎಷ್ಟು ಗಂಟೆಯಲ್ಲಿ ಬರುತ್ತದೆ ಎಂದು ಬರೆದಿರಲಿಲ್ಲ. ಅದು ನಮಗೆ ಗೊತ್ತಿರಲಿಲ್ಲ ಅಂತಲ್ಲ. ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಈಗ ಉದಾಹರಣೆ. ನೆರೆ ಮತ್ತು ಬರ ಎರಡನ್ನೂ ಒಂದೇ ಮೇಜಿಗೆ ತಂದ ಕಥೆಯೊಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿ ರಷ್ಯನ್ ರಿವರ್ ಎಂಬ ನದಿಯ ಕವಲಿಗೆ ಕಟ್ಟಿದ ಲೇಕ್ ಮೆಂಡೊಸಿನೊ ಎಂಬ ಜಲಾಶಯ ಇದೆ. ಅದಕ್ಕೆ ಇಬ್ಬರು ಯಜಮಾನರು. ನೆರೆ ತಡೆಯುವ ಹೊಣೆ ಕೇಂದ್ರ ಸರ್ಕಾರದ ಸೇನಾ ಎಂಜಿನಿಯರುಗಳ ಪಡೆಯದ್ದು. ಕುಡಿಯುವ ನೀರು, ಕೃಷಿಯ ನೀರು ನೋಡಿಕೊಳ್ಳುವುದು ಸೊನೋಮಾ ವಾಟರ್ ಎಂಬ ಸ್ಥಳೀಯ ಸಂಸ್ಥೆ. 2012ರ ಡಿಸೆಂಬರಿನಲ್ಲಿ ಜೋರು ಮಳೆ ಬಂತು. ನೆರೆಗೆಂದು ಖಾಲಿ ಇಡಬೇಕಾದ ಜಾಗಕ್ಕೂ ನೀರು ತುಂಬಿತು. ಚಳಿಗಾಲದಲ್ಲಿ ಆ ಜಾಗ ಖಾಲಿ ಇರಲೇಬೇಕು ಎಂದು ದಶಕಗಳ ಹಿಂದೆ ಬರೆದ ನಿಯಮಪುಸ್ತಕ ಹೇಳುತ್ತಿತ್ತು. ನಿಯಮದಂತೆ ಗೇಟು ಎತ್ತಿ ನೀರು ಬಿಟ್ಟರು. ಆಮೇಲೆ ಮಳೆಯೇ ಬರಲಿಲ್ಲ. 2013 ಕ್ಯಾಲಿಫೋರ್ನಿಯಾದ ದಾಖಲೆಯಲ್ಲೇ ಅತಿ ಒಣ ವರ್ಷಗಳಲ್ಲಿ ಒಂದಾಯಿತು. ಜಲಾಶಯದ ತಳ ಬಿರುಕು ಬಿಟ್ಟಿತು.

ಇಲ್ಲಿ ತಪ್ಪು ಯಾರದ್ದು? ಗೇಟು ಎತ್ತಿದವರು ನಿಯಮ ಪಾಲಿಸಿದ್ದರು. ಆ ನಿಯಮ ಬರೆದ ಕಾಲದಲ್ಲಿ ಮುಂದಿನ ವಾರದ ಹವಾಮಾನ ಹೇಳುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಆಕಾಶ ನೋಡದೆ ಕ್ಯಾಲೆಂಡರ್ ಮಾತ್ರ ನೋಡುವ ನಿಯಮ ಅದು. ಸೊನೋಮಾ ವಾಟರ್‌ನವರು ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಸಂಶೋಧಕರ ಹತ್ತಿರ ಹೋಗಿ ಕೇಳಿದ್ದು ಒಂದೇ ಪ್ರಶ್ನೆ. ಮುಂದಿನ ಕೆಲವು ದಿನ ದೊಡ್ಡ ಮಳೆ ಇಲ್ಲ ಎಂದು ಭರವಸೆಯಿಂದ ಹೇಳಲು ಆಗುತ್ತದಾ? ಆಗುವುದಾದರೆ ನೀರು ಹಿಡಿದಿಟ್ಟುಕೊಳ್ಳಬಹುದು. ದೊಡ್ಡ ಮಳೆ ಬರುತ್ತದೆ ಎಂದು ಮೊದಲೇ ತಿಳಿದರೆ ಆಗ ಬಿಡಬಹುದು.

ಗಮನಿಸಿ, ಇದು ಗೇಟಿನ ಬಗ್ಗೆಯೇ ಇರುವ ಪ್ರಶ್ನೆ. ಆ ಪ್ರದೇಶದ ದೊಡ್ಡ ಮಳೆಗಳೆಲ್ಲ ಸಾಗರದ ಮೇಲಿಂದ ಉದ್ದ ಪಟ್ಟಿಯ ಹಾಗೆ ಬರುವ ತೇವದ ಹೊನಲಿನಿಂದ ಆಗುತ್ತವೆ. ‘ವಾಯುಮಂಡಲದ ನದಿ’ ಎಂದು ಅದಕ್ಕೆ ಹೆಸರು. ಅದನ್ನು ಮುಂಚಿತವಾಗಿ ಗುರುತಿಸುವುದು ಸ್ಕ್ರಿಪ್ಸ್‌ನವರ ಪರಿಣತಿ. 2014ರಲ್ಲಿ ಎರಡೂ ಕಡೆಯವರು, ಸೇನಾ ಎಂಜಿನಿಯರುಗಳು, ಹವಾಮಾನ ಇಲಾಖೆಯವರು ಸೇರಿ ಒಂದು ಸಮಿತಿ ಮಾಡಿಕೊಂಡರು. ವರ್ಷಗಟ್ಟಲೆ ಹಳೆಯ ಮಳೆಗಳನ್ನು ಕಂಪ್ಯೂಟರ್ ಮಾದರಿಯಲ್ಲಿ ಓಡಿಸಿ ನೋಡಿದರು. ಆಮೇಲಷ್ಟೇ ನಿಯಮಪುಸ್ತಕದಿಂದ ತಾತ್ಕಾಲಿಕವಾಗಿ ಸ್ವಲ್ಪ ಸರಿಯಲು ಅನುಮತಿ ಸಿಕ್ಕಿತು. 2020ರ ಚಳಿಗಾಲ ಮುಗಿಯುವ ಹೊತ್ತಿಗೆ ಹಳೆಯ ನಿಯಮದಲ್ಲಿ ಉಳಿಯುತ್ತಿದ್ದಕ್ಕಿಂತ ಶೇ 19ರಷ್ಟು ಜಾಸ್ತಿ ನೀರು ಜಲಾಶಯದಲ್ಲಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಅರ್ಧ ಟಿಎಂಸಿ. ಒಂದು ಮೀಟರ್ ಎತ್ತರವನ್ನೂ ಅಣೆಕಟ್ಟಿಗೆ ಸೇರಿಸದೆ ಸಿಕ್ಕ ನೀರು ಇದು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಆ ನೀರಿನ ಪ್ರಮಾಣ ಅಲ್ಲ, ಅದಕ್ಕೆ ಹಿಡಿದ ಸಮಯ. ಸಮಿತಿಯಿಂದ ಮೊದಲ ಬಳಕೆಗೆ ಬರಲು ನಾಲ್ಕೈದು ವರ್ಷ. ಅಷ್ಟು ದಿನ ಮಾಡಿದ್ದೇನು? ಮುನ್ಸೂಚನೆ ತಪ್ಪಾದರೆ ಏನಾಗುತ್ತದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡದ್ದು. ಗೇಟಿನ ಹೊಣೆ ಹೊತ್ತವನಿಗೆ ಸರಾಸರಿ ನಿಖರತೆ ಬೇಕಿಲ್ಲ. ಅತಿ ಕೆಟ್ಟ ದಿನ ಎಷ್ಟು ಕೆಟ್ಟದಾಗಿರಬಹುದು ಅನ್ನುವುದು ಬೇಕು. ಸಂಶೋಧಕರು ಸಾಮಾನ್ಯವಾಗಿ ಮೊದಲನೆಯದನ್ನೇ ಪ್ರಕಟಿಸುತ್ತಾರೆ.

ಇಲ್ಲೇ ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಇದು ಗೊತ್ತಿದ್ದರೆ ಅರ್ಧ ಜಗಳ ಮುಗಿದ ಹಾಗೆ. ತಗ್ಗಿನ ಒಂದು ಬಡಾವಣೆಯನ್ನು ಖಾಲಿ ಮಾಡಿಸಲು ಒಂದು ರೂಪಾಯಿ ಖರ್ಚು ಅಂದುಕೊಳ್ಳಿ. ಖಾಲಿ ಮಾಡಿಸದೆ ನೆರೆ ಬಂದರೆ ಹತ್ತು ರೂಪಾಯಿ ನಷ್ಟ. ಆಗ ನೆರೆ ಬರುವ ಸಾಧ್ಯತೆ ಶೇ 10 ದಾಟಿದ ಕೂಡಲೇ ಜನರನ್ನು ಸ್ಥಳಾಂತರಿಸುವುದು ಲಾಭ. ಸರಿ, ಹಾಗೆ ಮಾಡಿದಿರಿ. ಸಾಧ್ಯತೆ ಶೇ 10 ಅಂದರೆ ಏನರ್ಥ? ಹತ್ತು ಸಲ ಖಾಲಿ ಮಾಡಿಸಿದರೆ ಒಂಬತ್ತು ಸಲ ನೀರು ಬರುವುದಿಲ್ಲ! ಲೆಕ್ಕ ಸರಿಯಾಗಿಯೇ ಇದೆ. ಆದರೆ ಮೂರನೇ ಸಲಕ್ಕೇ ಜನ ಬೈಯುತ್ತಾರೆ, ನಾಲ್ಕನೇ ಸಲ ಅಧಿಕಾರಿಗೆ ನೋಟಿಸ್ ಬರುತ್ತದೆ, ಐದನೇ ಸಲ ಆತ ಸುಮ್ನೆ ಕೂರುತ್ತಾನೆ. ಆ ಐದನೇ ಸಲವೇ ನೀರು ಬರಬಹುದು.

ಹಾಗಾಗಿ ಸಹಕಾರ ಅಂದರೆ ಮಾದರಿ ಓಡಿಸುವುದಷ್ಟೇ ಅಲ್ಲ. ಯಾವ ಸಾಧ್ಯತೆಗೆ ಯಾವ ಕ್ರಮ ಎಂದು ಬಿಸಿಲಿರುವಾಗಲೇ ಕೂತು ಬರೆದಿಡಬೇಕು. ಚುನಾಯಿತ ಸದಸ್ಯರು ಅದಕ್ಕೆ ಸಹಿ ಹಾಕಬೇಕು. ನೀರು ಬಾರದೆ ಹುಸಿಯಾದ ಎಚ್ಚರಿಕೆಗೆ ಯಾರನ್ನೂ ಬೈಯುವುದಿಲ್ಲ ಎಂಬ ಮಾತೂ ಅದರಲ್ಲಿ ಇರಬೇಕು. ಆಗ ಮಧ್ಯರಾತ್ರಿ ಒಬ್ಬ ಅಧಿಕಾರಿ ಒಂಟಿಯಾಗಿ ಧೈರ್ಯ ಮಾಡಬೇಕಾಗಿಲ್ಲ. ಮೊದಲೇ ಎಲ್ಲರೂ ಸೇರಿ ಮಾಡಿದ ಧೈರ್ಯವನ್ನು ಜಾರಿ ಮಾಡಿದರೆ ಸಾಕು. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿಯಲ್ಲಿ ಇದೇ ಬಗೆಯ ಕೆಲಸ ನಡೆಯಿತು. ಮುನ್ಸೂಚನೆ ಮೊದಲೇ ಒಪ್ಪಿಕೊಂಡ ಮಟ್ಟ ದಾಟಿದ ಕೂಡಲೇ ವಿಶ್ವಸಂಸ್ಥೆಯ ತುರ್ತು ನಿಧಿಯಿಂದ ಸುಮಾರು 52 ಲಕ್ಷ ಡಾಲರ್ ಬಿಡುಗಡೆ ಆಯಿತು. ನೆರೆ ಏರುವ ಮುಂಚೆಯೇ ಜನರ ಕೈಗೆ ಹಣ ಹೋಯಿತು. ಸಾಮಾನ್ಯವಾಗಿ ಪರಿಹಾರದ ಹಣ ಬರುವುದು ನೀರು ಇಳಿದು ಕೆಸರು ಒಣಗಿದ ಮೇಲೆ, ಅಲ್ವಾ?

ಮುನ್ಸೂಚನೆ ಇದ್ದೂ ಕ್ರಮ ಜೊತೆಗೆ ಕಟ್ಟಿರದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಆರ್ ಕಣಿವೆ ಇದೆ. 2021ರ ಜುಲೈ 14ರ ರಾತ್ರಿ ಆ ಚಿಕ್ಕ ನದಿ ಉಕ್ಕಿ 130ಕ್ಕೂ ಹೆಚ್ಚು ಜನ ಸತ್ತರು. ಯುರೋಪಿನ ನೆರೆ ಎಚ್ಚರಿಕೆ ವ್ಯವಸ್ಥೆ ಆ ವಲಯದ ನದಿಗಳ ಬಗ್ಗೆ ದಿನಗಳ ಮುಂಚೆಯೇ ಸುಳಿವು ಕೊಟ್ಟಿತ್ತು. ಆದರೆ ಇಡೀ ದೊಡ್ಡ ಜಲಾನಯನಕ್ಕೆ ಕೊಟ್ಟ ಸುಳಿವು ಕೆಳಗಿನ ಊರಿನ ಬೀದಿಗೆ ಬರುವಷ್ಟರಲ್ಲಿ ತೆಳುವಾಗಿಹೋಗಿತ್ತು. ನೀರಿನ ಮಟ್ಟ ಅಳೆಯುವ ಮಾಪಕ ಕೂಡ ನೆರೆಯಲ್ಲೇ ಕೊಚ್ಚಿಹೋಯಿತು.

ಆದರೆ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಆರ್ ನದಿ 1804ರಲ್ಲಿ ಇಷ್ಟೇ ಭೀಕರವಾಗಿ ಉಕ್ಕಿತ್ತು. 1910ರಲ್ಲಿ ಮತ್ತೊಮ್ಮೆ ಉಕ್ಕಿತ್ತು. ಬಾನ್ ವಿಶ್ವವಿದ್ಯಾಲಯದ ಭೂಗೋಳ ಸಂಶೋಧಕರು ಹಳೆಯ ಬರಹಗಳು, ಗೋಡೆಗಳ ಮೇಲಿನ ಗುರುತುಗಳನ್ನು ನೋಡಿ 1804ರಲ್ಲಿ ಎಷ್ಟು ನೀರು ಹರಿದಿರಬಹುದು ಎಂದು ಲೆಕ್ಕ ಹಾಕಿದ್ದರು. ಅದನ್ನು ಪ್ರಕಟಿಸಿದ್ದು 2021ಕ್ಕೆ ವರ್ಷಗಳ ಮುಂಚೆಯೇ. ಆದರೆ ಅಧಿಕೃತ ನೆರೆ ನಕ್ಷೆಗಳು ಮಾಪಕದಲ್ಲಿ ಅಳೆದ ಇತ್ತೀಚಿನ ಕೆಲವು ದಶಕಗಳ ಅಂಕಿಗಳ ಮೇಲೆ ನಿಂತಿದ್ದವು. ಹಳೆಯ ಎರಡು ದೊಡ್ಡ ನೆರೆಗಳು ಲೆಕ್ಕಕ್ಕೇ ಬಂದಿರಲಿಲ್ಲ. ನಕ್ಷೆಯಲ್ಲಿ ಸುರಕ್ಷಿತ ಎಂದಿದ್ದ ಕಡೆ ನೀರು ಬಂತು. ತಿಳಿವಳಿಕೆ ಇತ್ತು, ಹತ್ತಿರದ ಊರಿನ ವಿಶ್ವವಿದ್ಯಾಲಯದಲ್ಲೇ ಇತ್ತು. ಅದನ್ನು ನಕ್ಷೆಯ ಮೇಲೆ ಇಳಿಸುವ ದಾರಿ ಇರಲಿಲ್ಲ.

‘ನೂರು ವರ್ಷಕ್ಕೊಮ್ಮೆಯ ನೆರೆ’ ಎಂಬ ಮಾತೂ ಈ ಕಷ್ಟಕ್ಕೆ ತನ್ನ ಪಾಲು ಸೇರಿಸಿದೆ. ಇದನ್ನು ಕೇಳಿದವರು ಹೋದ ವರ್ಷ ಬಂತಲ್ಲ, ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಅಂದುಕೊಳ್ಳುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ಶೇ 1ರಷ್ಟು ಸಾಧ್ಯತೆ ಎಂದು ಮಾತ್ರ. ಮೂವತ್ತು ವರ್ಷದ ಸಾಲ ತೆಗೆದು ಕಟ್ಟಿದ ಮನೆ, ಸಾಲ ತೀರುವುದರೊಳಗೆ ಅಂಥ ನೆರೆ ಕಾಣುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಸಭೆಯಲ್ಲಿ ಈ ಎರಡನೇ ವಾಕ್ಯ ಹೇಳಿ ನೋಡಿ, ಕೂತವರ ಮುಖವೇ ಬೇರೆಯಾಗುತ್ತದೆ.

ಇನ್ನೊಂದು ಬಗೆಯ ಸಹಕಾರ ಇಂಗ್ಲೆಂಡಿನ ಪಿಕರಿಂಗ್ ಎಂಬ ಪುಟ್ಟ ಪಟ್ಟಣದ್ದು. 1999ರಿಂದ 2007ರ ನಡುವೆ ಅಲ್ಲಿಗೆ ನಾಲ್ಕು ಸಲ ನೆರೆ ಬಂತು. ಊರಿನ ನಡುವೆ ತಡೆಗೋಡೆ ಕಟ್ಟುವ ಯೋಜನೆ ತಯಾರಾಯಿತು, ಆದರೆ ಲಾಭಕ್ಕಿಂತ ಖರ್ಚೇ ಜಾಸ್ತಿ ಎಂದು ಹಣ ಸಿಗಲಿಲ್ಲ. ಜನರಿಗೆ ತಜ್ಞರ ಮೇಲೆ ಸಿಟ್ಟು. ಆ ಹೊತ್ತಿಗೆ ಆಕ್ಸ್‌ಫರ್ಡ್, ಡರ್ಹಮ್ ಮೊದಲಾದ ವಿಶ್ವವಿದ್ಯಾಲಯಗಳ ಸಂಶೋಧಕರು ಊರಿನವರ ಜೊತೆ ಒಂದು ಗುಂಪು ಕಟ್ಟಿದರು. ಅವರು ಮಾದರಿ ತಯಾರಿಸಿ ತಂದು ತೋರಿಸಲಿಲ್ಲ. ಊರಿನವರ ಎದುರೇ ಕೂತು ತಯಾರಿಸಿದರು. ನೀರು ಮೊದಲು ಎಲ್ಲಿ ಏರುತ್ತದೆ, ಯಾವ ಮೋರಿ ಕಟ್ಟಿಕೊಳ್ಳುತ್ತದೆ, ಹಳೆಯ ಕಾಲದಲ್ಲಿ ಹೊಳೆ ಎಲ್ಲಿ ಹರಿಯುತ್ತಿತ್ತು ಎಂಬುದೆಲ್ಲ ಅಲ್ಲಿನವರ ಬಾಯಿಂದ ಬಂತು. ಆಗ ಊರಿನಲ್ಲಿ ಗೋಡೆ ಕಟ್ಟುವ ಬದಲು ಮೇಲ್ಭಾಗದಲ್ಲಿ ನೀರಿನ ಓಟವನ್ನೇ ನಿಧಾನ ಮಾಡುವ ಯೋಚನೆ ಗಟ್ಟಿಯಾಯಿತು.

2009ರಿಂದ ಅರಣ್ಯ ಸಂಶೋಧಕರು, ಸ್ಥಳೀಯ ಮಂಡಳಿ, ಪರಿಸರ ಇಲಾಖೆ ಸೇರಿ ಅದನ್ನು ಕೆಲಸಕ್ಕಿಳಿಸಿದರು. ಹಳ್ಳಗಳಿಗೆ ಅಡ್ಡಲಾಗಿ ಮರದ ದಿಮ್ಮಿಗಳ ನೂರಕ್ಕೂ ಹೆಚ್ಚು ಸೋರುವ ಒಡ್ಡುಗಳು, ಗಿಡಗಳು, ಊರಿನ ಮೇಲ್ಗಡೆ 1.2 ಲಕ್ಷ ಘನ ಮೀಟರ್ ನೀರು ಹಿಡಿಯುವ ಒಂದು ಮಣ್ಣಿನ ಏರಿ. 2015ರ ಕ್ರಿಸ್‌ಮಸ್ ಮರುದಿನ ದೊಡ್ಡ ಮಳೆ ಬಂದಾಗ ಪಿಕರಿಂಗ್‌ನಲ್ಲಿ ನೆರೆಯ ಉತ್ತುಂಗ ಶೇ 15ರಿಂದ 20ರಷ್ಟು ತಗ್ಗಿತ್ತು ಎಂದು ಆಮೇಲೆ ಲೆಕ್ಕ ಹಾಕಿದರು. ಇದನ್ನು ಕೇಳಿ ಎಲ್ಲ ಕಡೆ ದಿಮ್ಮಿ ಉರುಳಿಸಿದರೆ ಸಾಕು ಅಂದುಕೊಳ್ಳಬೇಡಿ. ಸಣ್ಣ ಜಲಾನಯನದಲ್ಲಿ, ಸಣ್ಣ ಮತ್ತು ಮಧ್ಯಮ ನೆರೆಗೆ ಇದು ಒಳ್ಳೆಯ ಮದ್ದು. ನೆಲವೆಲ್ಲ ನೆನೆದು ತುಂಬಿದ ಮೇಲೆ ಬರುವ ಮಹಾನೆರೆಗೆ ದಿಮ್ಮಿ ಏನು ಮಾಡೀತು? ಹಾಗೆ ಹೇಳುವ ಧೈರ್ಯವೂ ಸಂಶೋಧಕರಿಗೆ ಇರಬೇಕು.

ನೆದರ್‌ಲ್ಯಾಂಡ್ಸ್ ಕಥೆ ನಿಮಗೆ ಗೊತ್ತಿರಬಹುದು, ಅದಕ್ಕೇ ಬೇಗ ಹೇಳಿ ಮುಗಿಸುತ್ತೇನೆ. 1995ರಲ್ಲಿ ರೈನ್ ನದಿಯ ಏರಿ ಒಡೆಯುವ ಭಯದಿಂದ ಅಲ್ಲಿ ಸುಮಾರು 2.5 ಲಕ್ಷ ಜನರನ್ನು ಸ್ಥಳಾಂತರಿಸಿದರು. ಏರಿಯನ್ನು ಇನ್ನೂ ಎತ್ತರಿಸುತ್ತಾ ಹೋಗುವ ಬದಲು ನದಿಗೇ ಜಾಗ ಬಿಡೋಣ ಎಂದು ಯೋಜನೆ ಮಾಡಿದರು. ಮೂವತ್ತಕ್ಕೂ ಹೆಚ್ಚು ಕಡೆ ಕೆಲಸ, ಸುಮಾರು 230 ಕೋಟಿ ಯೂರೊ. ಎಲ್ಲರೂ ಈ ಅಂಕಿಯನ್ನೇ ಹೇಳುತ್ತಾರೆ. ನನಗೆ ಇಷ್ಟವಾದದ್ದು ಅದರ ಹಿಂದಿದ್ದ ಒಂದು ಸಾಫ್ಟ್‌ವೇರ್. ಡೆಲ್ಫ್ಟ್‌ನ ಜಲಸಂಶೋಧಕರು ಮಾಡಿಕೊಟ್ಟದ್ದು. ಅದಕ್ಕೆ ಅವರ ಭಾಷೆಯಲ್ಲಿ ‘ಆಟದ ಬ್ಲಾಕುಗಳ ಡಬ್ಬಿ’ ಎಂಬ ಅರ್ಥದ ಹೆಸರು. ಇಲ್ಲಿ ಏರಿ ಹಿಂದಕ್ಕೆ ಸರಿಸು, ಅಲ್ಲಿ ಕವಲು ತೋಡು, ಇನ್ನೊಂದು ಕಡೆ ನದಿಪಾತ್ರ ತಗ್ಗಿಸು ಎಂಬಂಥ ನೂರಾರು ಆಯ್ಕೆಗಳು ಅದರಲ್ಲಿದ್ದವು. ಒಂದನ್ನು ಆರಿಸಿದರೆ ನದಿಯುದ್ದಕ್ಕೂ ನೀರಿನ ಮಟ್ಟ ಎಷ್ಟು ಸೆಂಟಿಮೀಟರ್ ಇಳಿಯುತ್ತದೆ ಎಂದು ತಕ್ಷಣ ಕಾಣುತ್ತಿತ್ತು. ಮೇಯರು, ರೈತರು, ಜಲಮಂಡಳಿಯವರು ತಾವೇ ಒತ್ತಿ ನೋಡಬಹುದಿತ್ತು. “ನಮ್ಮೂರಲ್ಲಿ ಬೇಡ” ಅಂದವರಿಗೆ ಉತ್ತರ ಸಿದ್ಧ: ಸರಿ, ಬೇಡ, ಆದರೆ ಇಷ್ಟು ಸೆಂಟಿಮೀಟರ್ ಬೇರೆ ಎಲ್ಲಿಂದ ತರುತ್ತೀರಿ, ನೀವೇ ಹುಡುಕಿ. ನೈಮೇಖನ್ ನಗರದ ಎದುರು ದಂಡೆಯಲ್ಲಿ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿದರು. ಸುಮಾರು ಐವತ್ತು ಮನೆಗಳು ಹೋದವು. ಅದರ ನೋವನ್ನು ಯಾವ ಸಾಫ್ಟ್‌ವೇರೂ ಕಡಿಮೆ ಮಾಡಲಿಲ್ಲ. ಓವರ್‌ಡೀಪ್ಸೆ ಎಂಬ ಕಡೆ ಮಾತ್ರ ರೈತರೇ ಮುಂದೆ ಬಂದು, ನಮ್ಮ ಮನೆ, ಕೊಟ್ಟಿಗೆಗಳನ್ನು ಎತ್ತರದ ದಿಬ್ಬದ ಮೇಲೆ ಕಟ್ಟಿಕೊಡಿ, ಹೊಲಕ್ಕೆ ನೀರು ಬಂದರೆ ಬರಲಿ ಅಂದರು. ಯೋಜನೆ ಹಾಗೇ ಆಯಿತು.

ಬರದ ವಿಷಯ ಬೇರೆ. ನೆರೆ ಗದ್ದಲ ಮಾಡುತ್ತಾ ಬರುತ್ತದೆ, ಬರ ಸದ್ದಿಲ್ಲದೆ ಬಂದು ಕೂರುತ್ತದೆ. ಯಾವ ದಿನ ಶುರುವಾಯಿತು ಎಂದು ಹೇಳಲು ಆಗುವುದಿಲ್ಲ. ಮಳೆ ಕಡಿಮೆಯಾದದ್ದು ಮೊದಲು ಮಳೆಮಾಪಕದಲ್ಲಿ ಕಾಣುತ್ತದೆ. ಆಮೇಲೆ ಮಣ್ಣಿನಲ್ಲಿ, ಆಮೇಲೆ ಹೊಳೆಯಲ್ಲಿ, ಎಲ್ಲಕ್ಕಿಂತ ತಡವಾಗಿ ಕೊಳವೆಬಾವಿಯಲ್ಲಿ. ಆಡಳಿತ ಎದ್ದೇಳುವುದು ಈ ಕೊನೆಯ ಹಂತದಲ್ಲಿ. ನೀರಡಿಕೆ ಆದಾಗ ಬಾವಿ ತೋಡಿದ ಹಾಗೆ. ಇಲ್ಲಿ ಸಂಶೋಧಕರು ಮಾಡಬಹುದಾದ ದೊಡ್ಡ ಉಪಕಾರ ಮುಂದಿನ ಮಳೆಗಾಲ ಹೇಗಿರುತ್ತದೆ ಎಂದು ಭವಿಷ್ಯ ಹೇಳುವುದಲ್ಲ. ಈಗಿರುವ ನೀರು ಎಷ್ಟು ದಿನ ಬರುತ್ತದೆ ಎಂದು ಲೆಕ್ಕ ಹಾಕಿಕೊಡುವುದು.

ಬ್ರೆಜಿಲ್ ದೇಶದ ಸಿಯಾರಾ ರಾಜ್ಯ ಈ ಎರಡನ್ನೂ ಮಾಡಿ ನೋಡಿದೆ. ಒಣ ಪ್ರದೇಶ, ಫೆಬ್ರುವರಿಯಿಂದ ಮೇವರೆಗೆ ಒಂದೇ ಮಳೆಗಾಲ. 1990ರ ದಶಕದಲ್ಲಿ ಅಲ್ಲಿನ ಹವಾಮಾನ ಸಂಸ್ಥೆಯ ಮಾತಿನ ಮೇಲೆ ಸರ್ಕಾರ ರೈತರಿಗೆ ಬಿತ್ತನೆ ಬೀಜ ಹಂಚುವ ದಿನ ಗೊತ್ತುಮಾಡುತ್ತಿತ್ತು. ವಿಜ್ಞಾನಿಗಳು ಈಗ ಬಿತ್ತಿ ಎನ್ನುವವರೆಗೆ ಬೀಜ ಇಲ್ಲ. ರೈತರಿಗೆ ತಮ್ಮದೇ ಲೆಕ್ಕಾಚಾರ ಇತ್ತು, ಮೊದಲ ಮಳೆಗೇ ಬಿತ್ತಿ ಅದೃಷ್ಟ ನೋಡುವ ರೂಢಿ ಇತ್ತು. ಮುನ್ಸೂಚನೆ ಕೈಕೊಟ್ಟಾಗ ಸಿಟ್ಟೆಲ್ಲ ವಿಜ್ಞಾನಿಗಳ ಮೇಲೆ ಬಂತು. ಕಳೆದುಹೋದ ನಂಬಿಕೆ ಮತ್ತೆ ಗಳಿಸಲು ಬಹಳ ಕಾಲ ಹಿಡಿಯಿತು. ಸಾಧ್ಯತೆಯ ಭಾಷೆಯಲ್ಲಿ ಇದ್ದ ಮಾತನ್ನು ಆಜ್ಞೆಯ ಭಾಷೆಗೆ ತಿರುಗಿಸಿದ್ದಕ್ಕೆ ತೆತ್ತ ಬೆಲೆ ಅದು.

ಅದೇ ರಾಜ್ಯದಲ್ಲಿ ಅದೇ ದಶಕದಲ್ಲಿ ಇನ್ನೊಂದು ಪದ್ಧತಿಯೂ ಶುರುವಾಯಿತು. ಮಳೆಗಾಲ ಮುಗಿದ ಮೇಲೆ ಜಗ್ವಾರಿಬೆ ನದಿ ಕಣಿವೆಯ ರೈತರು, ಪಟ್ಟಣಗಳ ಪ್ರತಿನಿಧಿಗಳು, ಇತರ ಬಳಕೆದಾರರು ಒಂದೆಡೆ ಸೇರುತ್ತಾರೆ. ರಾಜ್ಯದ ಜಲಸಂಸ್ಥೆಯ ತಂತ್ರಜ್ಞರು ಜಲಾಶಯದಲ್ಲಿ ಈಗ ಇಷ್ಟಿದೆ ಎಂದು ತೋರಿಸುತ್ತಾರೆ. ಸೆಕೆಂಡಿಗೆ ಇಷ್ಟು ಬಿಟ್ಟರೆ ವರ್ಷದ ಕೊನೆಗೆ ಇಷ್ಟು ಉಳಿಯುತ್ತದೆ, ಅದಕ್ಕಿಂತ ಜಾಸ್ತಿ ಬಿಟ್ಟರೆ ಇಷ್ಟು ಎಂದು ನಾಲ್ಕಾರು ಲೆಕ್ಕ ಮುಂದಿಡುತ್ತಾರೆ. ಲೆಕ್ಕ ತಜ್ಞರದ್ದು, ಆಯ್ಕೆ ಸಭೆಯದ್ದು. ವಾದ, ಜಗಳ ಎಲ್ಲ ಆಗುತ್ತವೆ. ದೊಡ್ಡ ಜಮೀನಿನವರ ದನಿಯೇ ಅಲ್ಲಿ ಜೋರು ಎಂಬ ದೂರೂ ಇದೆ. ಆದರೂ ನನ್ನ ಅಭಿಪ್ರಾಯದಲ್ಲಿ ವಿಜ್ಞಾನಕ್ಕೂ ಆಡಳಿತಕ್ಕೂ ನಡುವಿನ ಗೆರೆಯನ್ನು ಸರಿಯಾದ ಜಾಗದಲ್ಲಿ ಎಳೆದ ಏರ್ಪಾಡು ಇದು.

ನಗರದ ಉದಾಹರಣೆ ಬೇಕಿದ್ದರೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್. ಮೂರು ವರ್ಷ ಸತತ ಮಳೆ ಕೈಕೊಟ್ಟು 2018ರ ಆರಂಭದಲ್ಲಿ ನಲ್ಲಿಗಳನ್ನೇ ಬಂದ್ ಮಾಡುವ ದಿನ ಹತ್ತಿರ ಬಂದಿತ್ತು. ಫೆಬ್ರುವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಹಾಕಿದರು. ನಗರದ ಒಟ್ಟು ಬಳಕೆ ಮೂರು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಇದರ ನಡುವೆ ಕೇಪ್‌ಟೌನ್ ವಿಶ್ವವಿದ್ಯಾಲಯದವರು ನಗರಾಡಳಿತದ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಸುಮಾರು 4 ಲಕ್ಷ ಮನೆಗಳ ಬಿಲ್ಲಿನ ಜೊತೆ ಬೇರೆ ಬೇರೆ ಬಗೆಯ ಸಂದೇಶ ಕಳಿಸಿದರು. ನಿಮ್ಮ ಅಕ್ಕಪಕ್ಕದವರು ಇಷ್ಟು ಬಳಸುತ್ತಾರೆ, ನಿಮ್ಮ ಖರ್ಚು ಇಷ್ಟು ಉಳಿಯುತ್ತದೆ, ಹೀಗೆ. ಫಲ? ಉಳಿತಾಯ ಶೇ 1ರ ಆಸುಪಾಸು. ಅಷ್ಟೇನಾ ಅನ್ನಿಸಬಹುದು. ನನಗೆ ಇದು ಒಳ್ಳೆಯ ಸಂಶೋಧನೆ ಅನ್ನಿಸುತ್ತದೆ. ಬುದ್ಧಿಮಾತಿನಿಂದ ಎಷ್ಟು ಉಳಿಯುತ್ತದೆ ಎಂಬ ಅಂಕಿ ಆಡಳಿತದ ಕೈಗೆ ಬಂತು. ಉಳಿದದ್ದನ್ನು ದರ, ಮಿತಿ, ಸೋರಿಕೆ ದುರಸ್ತಿ, ಕೊಳವೆಯಲ್ಲಿ ನೀರಿನ ಒತ್ತಡ ಕಡಿಮೆ ಮಾಡುವುದರಿಂದಲೇ ಗಳಿಸಬೇಕು ಎಂದು ಸ್ಪಷ್ಟವಾಯಿತು.

ಅತಿವೃಷ್ಟಿ, ಅನಾವೃಷ್ಟಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕಚೇರಿಗಳಲ್ಲಿ ಮಾತ್ರ ಅವು ಬೇರೆ ಬೇರೆ ಕೋಣೆಗಳಲ್ಲಿವೆ. ನೆರೆ ಒಬ್ಬರ ಕಡತ, ಬರ ಇನ್ನೊಬ್ಬರದ್ದು. ಚೆನ್ನೈ 2015ರ ಡಿಸೆಂಬರಿನಲ್ಲಿ ಮುಳುಗಿತು, 2019ರ ಬೇಸಿಗೆಯಲ್ಲಿ ಅದೇ ನಗರದ ಜಲಾಶಯಗಳು ಒಣಗಿ ನಿಂತವು. ಜಾಸ್ತಿಯಾದ ನೀರಿಗೆ ನಿಲ್ಲಲು ಜಾಗ ಕೊಡದಿದ್ದರೆ ಕಡಿಮೆಯಾದಾಗ ಹುಡುಕಿದರೆ ಸಿಗುತ್ತದೆಯೇ? ಸಂಶೋಧಕರೂ ಇದರಲ್ಲಿ ಕಡಿಮೆ ಇಲ್ಲ. ನೆರೆಯವರ ಸಮ್ಮೇಳನ ಬೇರೆ, ಬರದವರದ್ದು ಬೇರೆ.

ಈಗ ಕಿರಿಕಿರಿಗಳ ವಿಷಯ. ದೊಡ್ಡ ಕಿರಿಕಿರಿ ಜಮೀನಿನದ್ದು. ನೆರೆ ನಕ್ಷೆ ಪ್ರಕಟವಾದರೆ ಕೆಂಪು ಗೆರೆಯ ಒಳಗಿನ ಸೈಟಿನ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ತೆರಿಗೆ ಇಳಿಯುತ್ತದೆ. ತೆರಿಗೆ ಸಂಗ್ರಹಿಸುವ ಸಂಸ್ಥೆಯೇ ಕಟ್ಟಡಕ್ಕೆ ಅನುಮತಿ ಕೊಡುವ ಸಂಸ್ಥೆ. ನಕ್ಷೆ ಕಪಾಟಿಗೆ ಹೋಗಲು ಸೋಮಾರಿತನವೊಂದೇ ಕಾರಣ ಅಲ್ಲ. ಏರಿ ಕಟ್ಟಿದರೆ ಸಮಸ್ಯೆ ಮುಗಿಯಿತು ಎಂದುಕೊಂಡು ಅದರ ಹಿಂದೆ ಇನ್ನಷ್ಟು ಮನೆ ಕಟ್ಟುತ್ತಾರೆ. ಏರಿ ದಾಟುವ ನೆರೆ ಬಂದ ದಿನ ನಷ್ಟ ಮೊದಲಿಗಿಂತ ಜಾಸ್ತಿ. ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1945ರಲ್ಲೇ, ನೆರೆ ದೇವರು ಕೊಟ್ಟದ್ದಿರಬಹುದು, ನಷ್ಟ ಮಾತ್ರ ಬಹುಮಟ್ಟಿಗೆ ಮನುಷ್ಯರದ್ದೇ ಎಂಬ ಅರ್ಥದ ಮಾತು ಬರೆದರು. ಆಮೇಲೆ ಅಣೆಕಟ್ಟುಗಳಿಗೂ ಇದೇ ಮಾತು ಹೊಂದುತ್ತದೆ ಎಂದು ಕಂಡಿತು. ನೀರು ಸಿಗುತ್ತದೆ ಎಂದು ಬಳಕೆ ಬೆಳೆಯುತ್ತದೆ, ಬರ ಬಂದಾಗ ಏಟು ದೊಡ್ಡದು.

ಎರಡನೆಯದು ಜನರ ಓಡಾಟ. ಅಧಿಕಾರಿಗೆ ವರ್ಗಾವಣೆ, ಸದಸ್ಯರಿಗೆ ಚುನಾವಣೆ, ಸಂಶೋಧನಾ ವಿದ್ಯಾರ್ಥಿಗೆ ಪದವಿ. ಮೂರು ವರ್ಷದ ಯೋಜನೆ ಮುಗಿಯುವಾಗ ಮಾದರಿ ಬರೆದ ಹುಡುಗಿ ಬೇರೆ ದೇಶದಲ್ಲಿರುತ್ತಾಳೆ. ಆ ಮಾದರಿಯನ್ನು ಯಾರು ತೆರೆಯಬೇಕು, ಹೊಸ ಸೇತುವೆ ಬಂದರೆ ಯಾರು ತಿದ್ದಬೇಕು? ಒಪ್ಪಂದ ಬರೆಯುವಾಗ ಇದೊಂದನ್ನು ಕೇಳಿ, ಬೇರೆಲ್ಲ ಷರತ್ತುಗಳಿಗಿಂತ ಇದು ಮುಖ್ಯ. ಸಾಧ್ಯವಾದರೆ ಆಡಳಿತದ ಒಬ್ಬ ಕಾಯಂ ಸಿಬ್ಬಂದಿ ಮೊದಲ ದಿನದಿಂದ ಸಂಶೋಧಕರ ಜೊತೆ ಕೂರಲಿ. ಮಾದರಿ ಸ್ವಲ್ಪ ಒರಟಾಗಿದ್ದರೂ ಪರವಾಗಿಲ್ಲ. ಆತ ಅದನ್ನು ತಾನೇ ಓಡಿಸುವಂತಿರಬೇಕು.

ನದಿ ಗಡಿ ನೋಡುವುದಿಲ್ಲ ಎಂಬುದು ಮೂರನೆಯದು. ಮೇಲಿನ ಊರು ಚರಂಡಿ ಅಗಲ ಮಾಡಿದರೆ ಕೆಳಗಿನ ಊರಿಗೆ ನೀರು ಬೇಗ ಬರುತ್ತದೆ. ಒಂದೇ ಪುರಸಭೆಗೆ ಅಧ್ಯಯನ ಮಾಡಿ ಉಪಯೋಗ ಕಡಿಮೆ. ಕೊನೇಪಕ್ಷ ಮೇಲಿನ ಊರಿನ ಎಂಜಿನಿಯರ್ ಮತ್ತು ಕೆಳಗಿನ ಊರಿನ ಎಂಜಿನಿಯರ್ ಒಬ್ಬರ ಫೋನ್ ನಂಬರ್ ಒಬ್ಬರು ಇಟ್ಟುಕೊಂಡಿರಲಿ. ನಗಬೇಡಿ, ಎಷ್ಟೋ ಕಡೆ ಅದೂ ಇರುವುದಿಲ್ಲ.

ಹಣ ಇಲ್ಲ, ವಿಶ್ವವಿದ್ಯಾಲಯವೂ ದೂರ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಭೆಗೆ ಒಂದು ಹಾಳೆ ಸಾಕು. ಎಡಗಡೆ ಕಳೆದ ನೆರೆಯಲ್ಲಿ ಮತ್ತು ಕಳೆದ ಬರದಲ್ಲಿ ತೆಗೆದುಕೊಂಡ ನಿರ್ಧಾರಗಳನ್ನು ಬರೆಯಿರಿ. ಪಕ್ಕದಲ್ಲಿ ಅದನ್ನು ಯಾರು ತೆಗೆದುಕೊಂಡರು, ಯಾವ ಮಾಹಿತಿ ಮೇಲೆ, ಎಷ್ಟು ಗಂಟೆ ಮುಂಚೆ ಗೊತ್ತಾಗಿದ್ದರೆ ಬೇರೆ ರೀತಿ ಮಾಡುತ್ತಿದ್ದರು ಎಂದು ಬರೆಯಿರಿ. ಈ ಕೊನೆಯ ಕಾಲಂ ನೋಡಿದ ಯಾವ ಒಳ್ಳೆಯ ಜಲವಿಜ್ಞಾನಿಯೂ ಸುಮ್ಮನೆ ಕೂರುವುದಿಲ್ಲ, ನಂಬಿ.

ಜೊತೆಗೆ ಕೊಡಲು ನಿಮ್ಮ ಹತ್ತಿರ ಇನ್ನೂ ಒಂದು ಅಮೂಲ್ಯ ವಸ್ತು ಇದೆ. ಮುಂದಿನ ಸಲ ನೆರೆ ಇಳಿದ ಮರುದಿನವೇ, ಗೋಡೆಗಳಿಗೆ ಸುಣ್ಣ ಬಳಿಯುವ ಮೊದಲು, ಒಬ್ಬರನ್ನು ಟೇಪು, ಬಣ್ಣದ ಡಬ್ಬಿ ಕೊಟ್ಟು ಕಳಿಸಿ. ಕೆಸರಿನ ಗೆರೆ, ಕಸ ಸಿಕ್ಕಿಕೊಂಡ ಬೇಲಿ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಗುರುತು ಹಾಕಲಿ. ಪ್ರತಿ ಗುರುತಿಗೂ ದಿನಾಂಕ, ಅಲ್ಲಾಡದ ಒಂದು ಕಲ್ಲಿನಿಂದಲೋ ಸೇತುವೆ ಕಟ್ಟೆಯಿಂದಲೋ ಎತ್ತರ, ಒಂದು ಫೋಟೊ, ನೀರು ಎಷ್ಟು ಗಂಟೆಗೆ ಬಂತು ಎಂದು ಆ ಮನೆಯವರ ಮಾತು. ಬೇಸಿಗೆಯಲ್ಲಿ ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಹತ್ತು ಬಾವಿಗಳ ನೀರಿನ ಮಟ್ಟ, ತಿಂಗಳಿಗೊಮ್ಮೆ, ಅದೇ ತಾರೀಖಿಗೆ. ಎರಡು ವಾರ ತಡ ಮಾಡಿದರೆ ಕೆಸರಿನ ಗೆರೆ ಮಳೆಗೆ ತೊಳೆದುಹೋಗಿರುತ್ತದೆ.